ಉತ್ತರಾಯಣ ಬರಲಿ ಬಿಡಿ

ಬದನಗುಪ್ಪೆ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ನಡುವೆ ಮರಿಯಾಲ ಗಂಗವಾಡಿ, ಆಮೇಲೆ ಚಾಮರಾಜನಗರವೇ. ಸೀಟು ಹುಡುಕುವುದರೊಳಗೆ ಇಳಿಯುವ ಹೊತ್ತು. ಇಷ್ಟು ಹತ್ತಿರದ ಊರಿಗೆ ಬರಲು ನಮ್ಮ ಮುಖ್ಯಮಂತ್ರಿಗಳು ವರ್ಷಗಟ್ಟಲೆ ಮೀನಮೇಷ ಎಣಿಸಿದರು. ಇಲ್ಲಿಗೆ ಕಾಲಿಟ್ಟವರ ಕುರ್ಚಿ ಉಳಿಯುವುದಿಲ್ಲವಂತೆ! 1997ರಲ್ಲಿ ನಮ್ಮದು ಜಿಲ್ಲೆಯಾದಾಗ ಜೆ.ಎಚ್. ಪಟೇಲರು ಉದ್ಘಾಟನೆಯನ್ನು ಮಲೆ ಮಹದೇಶ್ವರ ಬೆಟ್ಟದಲ್ಲೇ ಮುಗಿಸಿದರು. ಛತ್ರದ ಒಳಕ್ಕೆ ಬಾರದೆ ಗೇಟಿನಲ್ಲೇ ಮುಯ್ಯಿ ಕೊಟ್ಟು ಹೋದ ನೆಂಟರ ಹಾಗೆ. 2007ರಲ್ಲಿ ಕುಮಾರಸ್ವಾಮಿಯವರು ಬಂದರು, ಅದೇ ಅಕ್ಟೋಬರಿನಲ್ಲಿ ಅಧಿಕಾರ ಹೋಯಿತು. ಇಪ್ಪತ್ತು ತಿಂಗಳ ಒಪ್ಪಂದ ಹೇಗೂ ಮುಗಿದಿತ್ತು. ಅಪವಾದ ಮಾತ್ರ ನಮ್ಮೂರಿನ ಪಾಲಿಗೆ. ಸಿದ್ದರಾಮಯ್ಯನವರು 2013ರಿಂದ ಪದೇ ಪದೇ ಬಂದೂ ಐದು ವರ್ಷ ಪೂರೈಸಿದರು ನೋಡಿ, ಆಗ ನಮಗೊಂದಿಷ್ಟು ಮರ್ಯಾದೆ ಸಿಕ್ಕಿತು.

ಟೀ ಅಂಗಡಿಯಲ್ಲಿ ಈ ಕಥೆಯನ್ನು ಎಲ್ಲರಿಗಿಂತ ಜೋರಾಗಿ ಹೇಳಿ ನಗಿಸುವವನು ನಾನೇ. ಒಳಗಿನ ಸಂಗತಿ ಬೇರೆ: ಮೀನಮೇಷ ಎಣಿಸುವುದರಲ್ಲಿ ನಾನೂ ಆ ಮುಖ್ಯಮಂತ್ರಿಗಳಿಗೆ ಕಡಿಮೆಯಿಲ್ಲ. ‘ಕುರುಕ್ಷೇತ್ರ’ ನಾಟಕದಲ್ಲಿ ಒಂದು ಪಾರ್ಟು ಹಾಕಬೇಕೆಂಬುದು ನನ್ನ ಹಳೆಯ ಆಸೆ. ನಮ್ಮ ಕಡೆ ಪೌರಾಣಿಕ ನಾಟಕವೆಂದರೆ ಗೊತ್ತಲ್ಲ: ನಟರೇ ದುಡ್ಡು ಹಾಕಬೇಕು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಹೊತ್ತು ಪ್ರಾಕ್ಟೀಸ್ ಮಾಡಿಸಬೇಕು. ಸೀನರಿ, ಕಿರೀಟ, ಗದೆ ಎಲ್ಲಾ ಬಾಡಿಗೆಗೆ. ದುಡ್ಡಿಗಿಂತ ನನ್ನನ್ನು ಹೆದರಿಸಿದ್ದು ಮುಂದಿನ ಸಾಲಿನಲ್ಲಿ ಕೂರುವ ನೆಂಟರು.

ಹುಡುಗನಾಗಿದ್ದಾಗ ಅಭಿಮನ್ಯುವಿನ ಮೇಲೆ ಕಣ್ಣಿತ್ತು. ‘ಪರೀಕ್ಷೆ ಮುಗಿಯಲಿ’ ಅಂದೆ. ಮದುವೆಯಾದ ಮೇಲೆ ಅರ್ಜುನ. ಆಗ ಮನೆ ಕಟ್ಟಿಸುತ್ತಿದ್ದೆ. ಸ್ವಲ್ಪ ಹೊಟ್ಟೆ ಬಂದ ಮೇಲೆ ದುರ್ಯೋಧನನಿಗೆ ಲಾಯಕ್ಕಾದೆ. ಆ ವರ್ಷ ಅರಿಸಿನಕ್ಕೆ ರೇಟು ಬರಲಿಲ್ಲ. ರೇಟು ಬಂದ ವರ್ಷ ಗಂಟಲು ಸರಿಯಿರಲಿಲ್ಲ ಎಂದು ನೆನಪು. ಪಾತ್ರಗಳೆಲ್ಲ ಹೀಗೆ ಒಂದೊಂದಾಗಿ ನನ್ನ ವಯಸ್ಸಿಗೆ ಹೆದರಿ ಓಡಿಹೋದವು.

ಈ ಸಲ ಮೇಷ್ಟ್ರೇ ಹಿಡಿದು ನಿಲ್ಲಿಸಿದರು. “ಅಣ್ಣ, ಭೀಷ್ಮನ ಪಾರ್ಟು ಖಾಲಿ ಅದೆ. ನಿಮ್ಗೆ ಈಗ ಸರ್ಯಾಗಿ ಹೊಂದ್ತದೆ ಕನ.”

“ಯೋಚ್ನೆ ಮಾಡಿ ಹೇಳ್ತೀನಿ ಮೇಷ್ಟ್ರೇ.”

“ಮಾಡಿ. ಮುಂದಿನ ವರ್ಷಕ್ಕೆ ಧೃತರಾಷ್ಟ್ರ ಇದ್ದೇ ಇರ್ತಾನೆ.”

ಆ ಮಾತು ನಾಟಿತು. ಮನೆಗೆ ಬಂದು ಯೋಚಿಸಿದರೆ ಭೀಷ್ಮನಿಗಿಂತ ನನಗೊಪ್ಪುವ ಪಾತ್ರ ಇನ್ನೊಂದಿಲ್ಲ. ಸಾವನ್ನೇ ‘ಉತ್ತರಾಯಣ ಬರಲಿ’ ಎಂದು ಮುಂದೂಡಿದ ಮಹಾಪುರುಷ! ಅದೂ ಮಲಗಿಕೊಂಡು. ಆದರೆ ಅವನಿಗಿದ್ದ ಇಚ್ಛಾಮರಣದ ವರ ನನಗಿಲ್ಲವಲ್ಲ. ರಾತ್ರಿಯೇ ಹೋಗಿ ಅಡ್ವಾನ್ಸ್ ಕೊಟ್ಟೆ. ಧೈರ್ಯ ಬಂದಮೇಲೆ ದುಡ್ಡು ಕೊಡುತ್ತೇನೆಂದು ಇಷ್ಟು ವರ್ಷ ಕಾದಿದ್ದೆ. ದುಡ್ಡು ಕೈಬಿಟ್ಟ ಮರುಕ್ಷಣ ಧೈರ್ಯ ತಾನೇ ಬಂತು. ಪ್ರಾಕ್ಟೀಸಿಗೆ ಬಾರದಿದ್ದರೆ ಅಡ್ವಾನ್ಸ್ ವಾಪಸ್ಸಿಲ್ಲ ಎಂದು ಮೇಷ್ಟ್ರು ಮೊದಲೇ ಹೇಳಿದ್ದರು.

ಈಗ ರಾತ್ರಿ ಊಟ ಮುಗಿಸಿ ಪ್ರಾಕ್ಟೀಸಿಗೆ ಹೋಗುತ್ತೇನೆ. ನನ್ನ ಶ್ರುತಿಗೆ ಹಾರ್ಮೋನಿಯಂನಲ್ಲಿ ಇನ್ನೂ ಮನೆ ಸಿಕ್ಕಿಲ್ಲ; ಮೇಷ್ಟ್ರು ಕಪ್ಪು ಬಿಳಿ ಎರಡರಲ್ಲೂ ಹುಡುಕುತ್ತಿದ್ದಾರೆ. ದುರ್ಯೋಧನನ ಪಾರ್ಟಿನ ಹುಡುಗ ನನ್ನನ್ನು ‘ತಾತಾ’ ಎನ್ನುವಾಗ ಅಭಿನಯವೇ ಬೇಕಿಲ್ಲ. ಗಡ್ಡ ಬಾಡಿಗೆಗೆ ತರುವುದು ದಂಡವೆಂದು ಮನೆಯಾಕೆಯ ಸಲಹೆಯಂತೆ ಬೆಳೆಸಿಕೊಳ್ಳುತ್ತಿದ್ದೇನೆ. ತಯಾರಿಯಲ್ಲೆಲ್ಲ ಚೆನ್ನಾಗಿ ಮುಂದುವರಿದಿರುವುದು ಅದೊಂದೇ. ಅದಕ್ಕೆ ನಾನು ಏನೂ ಮಾಡಬೇಕಾಗಿಲ್ಲ ನೋಡಿ.