ಎರಡು ಹಲ್ಲಿನ ಹೋರಿ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸಿದ ಪುಣ್ಯಾತ್ಮ ಯಾವ ಊರಿನವನೋ, ಅವನ ಮೇಲೆ ನನಗೆ ಗೌರವವಿದೆ. ಅವನು ಕಾಲನ್ನಾದರೂ ಎಣಿಸಿದ್ದ. ಲೆಕ್ಕದಲ್ಲಿ ಒಂದು ಬಿಟ್ಟುಹೋಯಿತು, ಅಷ್ಟೇ. ನಾನು ಹಿಡಿದ ಮೊಲದಲ್ಲಿ ಲೆಕ್ಕಕ್ಕೆ ಬಿಟ್ಟುಹೋದದ್ದು ಎರಡು, ಮತ್ತು ಅವು ಕಾಲುಗಳಲ್ಲ.

ನಾವು ಕೊಪ್ಪಳದವರು ಒಳ್ಳೆಯ ಅಕ್ಕಿ ಬೇಕೆಂದರೆ ಗಂಗಾವತಿಯ ಕಡೆ ಮುಖ ಮಾಡುತ್ತೇವೆ. ಮಳೆಗಾಲದ ಒಂದು ರವಿವಾರ ಇಪ್ಪತ್ತೈದು ಕೇಜಿ ಸೋನಾ ಮಸೂರಿ ತರಲು ಹೋದವನು, ಪಾಕೀಟಿನ ಜೊತೆಗೆ ಅಂಗೈಯಷ್ಟು ಬಿಳಿ ಮೊಲವನ್ನೂ ತಂದೆ. ಮಾರುವ ಹುಡುಗ ಹೇಳುತ್ತಲೇ ಇದ್ದ: "ಇಷ್ಟ ಸಣ್ಣದಿದ್ದಾಗ ಗಂಡೋ ಹೆಣ್ಣೋ ಹೇಳಾಕ ಬರೂದಿಲ್ರಿ ಸರ. ಮೂರು ತಿಂಗಳು ಆಗ್ಲಿ, ಆಮ್ಯಾಲೆ..." ಆಮೇಲಿನದನ್ನು ನಾನು ಕೇಳಲಿಲ್ಲ. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಜೀವಶಾಸ್ತ್ರ ಪಾಠ ಮಾಡಿದವನಿಗೆ ಇದನ್ನೂ ಹೇಳಿಕೊಡಬೇಕೆ? ಮೊಲವನ್ನು ಎತ್ತಿ, ಹೊರಳಿಸಿ, ಕನ್ನಡಕ ಹಣೆಗೇರಿಸಿ ತೀರ್ಪು ಕೊಟ್ಟೆ: "ಹೆಣ್ಣು." ಮಲ್ಲಿಗೆಯಂಥ ಬಿಳುಪು, ಹಾಗಾಗಿ ಹೆಸರು ಮಲ್ಲಿ. ಹುಡುಗ ಬಾಯಿ ಮುಚ್ಚಿಕೊಂಡು ದುಡ್ಡು ಎಣಿಸಿಕೊಂಡ.

ನಾಲ್ಕು ತಿಂಗಳಿಗೆ ಮಲ್ಲಿಯ ನಡವಳಿಕೆ ಬದಲಾಯಿತು. ನಾನು ಶಾಲೆಯಿಂದ ಬಂದರೆ ಸಾಕು, ಊಂ ಊಂ ಎಂದು ಮೂಗಿನಲ್ಲೇ ರಾಗ ಎಳೆಯುತ್ತ ನನ್ನ ಕಾಲು ಸುತ್ತಲು ಶುರು. "ನೋಡು, ಎಷ್ಟು ಭಕ್ತಿ!" ಎಂದು ಹೆಂಡತಿಯನ್ನು ಕರೆದು ತೋರಿಸಿದೆ. ಪ್ರದಕ್ಷಿಣೆ ಮುಗಿಸಿದ ಭಕ್ತೆ ಅಷ್ಟರಲ್ಲಿ ಎಗರಿ, ಗಾಳಿಯಲ್ಲೇ ಸೊಂಟ ತಿರುಗಿಸಿ, ನನ್ನ ಬಿಳಿ ಪ್ಯಾಂಟಿಗೆ ತೀರ್ಥ ಸಿಂಪಡಿಸಿದಳು. ಆ ನಾತವನ್ನು ವರ್ಣಿಸಲು ನನ್ನ ಕನ್ನಡ ಸಾಲದು. ಮರುವಾರದಿಂದ ಅವಳ ಪ್ರೀತಿ ನನ್ನ ಎಡಗಾಲಿನ ಕೊಲ್ಹಾಪುರಿ ಚಪ್ಪಲಿಯ ಮೇಲೆ ಬಿತ್ತು. ಅದೆಂಥ ಪ್ರೀತಿ ಎಂದು ಮಕ್ಕಳು ಕೇಳಿದಾಗ ನಾನು ವಿಜ್ಞಾನಿಯಾಗಿಯೇ ಉತ್ತರಿಸಿದೆ: "ಚರ್ಮದ ವಾಸನೆಗೆ ಆಕರ್ಷಣೆ."

ಒಂದು ಸಂಜೆ ಹೆಂಡತಿ, "ರೀ, ಮಲ್ಲಿಗೆ ಹಿಂದ ಎರಡು ಗಂಟು ಬಂದಾವ ನೋಡ್ರಿ" ಎಂದಳು. ನೋಡಿದೆ. ಎಡಕ್ಕೊಂದು, ಬಲಕ್ಕೊಂದು. ಎದೆ ಧಸಕ್ಕೆಂದಿತು. ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ಬಹಳ, ಅದಕ್ಕೇ ಅವಕ್ಕೂ ಆಪರೇಷನ್ ಮಾಡಿಸುತ್ತಾರೆ ಎಂದು ಓದಿದ್ದೆ. ಅದು ಸುಳ್ಳೇನಲ್ಲ. ಆದರೆ ನಾನು ಅಂದು ರಾತ್ರಿ ಊಟ ಬಿಟ್ಟು ಮಲ್ಲಿಯ ತಲೆ ಸವರುತ್ತ ಕೂತದ್ದಕ್ಕೆ ಏನೂ ಕಾರಣವಿರಲಿಲ್ಲ. ಬೆಳಿಗ್ಗೆ ಯಲಬುರ್ಗಾದಿಂದ ಅತ್ತೆ ಕಳಿಸಿದ ಜೋಳದ ಚೀಲ ಕೊಡಲು ನನ್ನ ಹಳೆಯ ಶಿಷ್ಯನೊಬ್ಬ ಬಂದ. ಕುರಿ ಸಾಕಿಕೊಂಡಿದ್ದಾನೆ. ಹತ್ತನೇ ಇಯತ್ತೆಯಲ್ಲಿ ಅವನಿಗೆ ವಿಜ್ಞಾನದಲ್ಲಿ ನಾನು ಧಾರಾಳ ಮನಸ್ಸಿನಿಂದ ಮೂವತ್ತೈದು ಅಂಕ ಕೊಟ್ಟಿದ್ದೆ. ಮಲ್ಲಿಯನ್ನು ಎತ್ತಿ ನೋಡಿದವನು ತಲೆ ತಗ್ಗಿಸಿ, ಅತ್ಯಂತ ಗೌರವದಿಂದ ಹೇಳಿದ: "ಸರ, ಇವು ಗಡ್ಡಿ ಅಲ್ರಿ. ಗಂಡಸರಿಗೆ ಎಲ್ಲಾರಿಗೂ ಇರ್ತಾವ್ರಿ."

ಹೀಗೆ ಮಲ್ಲಿ ಮಲ್ಯಾ ಆದ. ಚಪ್ಪಲಿಯ ಮೇಲಿನ ಪ್ರೀತಿಗೂ ಅರ್ಥ ಸಿಕ್ಕಿತು. ಬೀಜ ಒಡೆಸದೆ ಬೇರೆ ದಾರಿಯಿರಲಿಲ್ಲ.

ಊರಿನ ಪಶು ಡಾಕ್ಟರಿಗೆ ಫೋನು ಮಾಡಿದೆ. ಎಮ್ಮೆ, ಎತ್ತು ನೋಡುವ ದೊಡ್ಡವರಿಗೆ ಮೊಲ ಎನ್ನಲು ಒಂಥರಾ ನಾಚಿಕೆ. ನಿಮಗೂ ಇಂಥ ನಾಚಿಕೆ ಎಂದಾದರೂ ಬಂದಿರುತ್ತದೆ. ದೊಡ್ಡ ಬಟ್ಟೆಯಂಗಡಿಗೆ ಹೋಗಿ ಒಂದೇ ಒಂದು ಕರ್ಚೀಫು ಕೇಳಿ ನೋಡಿ, ಗೊತ್ತಾಗುತ್ತದೆ. ಹಾಗಾಗಿ "ಬೀಜ ಒಡಸೂದೈತ್ರಿ" ಎಂದಷ್ಟೇ ಹೇಳಿದೆ.

"ಎಷ್ಟು ಹಲ್ಲಿಂದ್ರಿ?"

"ಎರಡು ಹಲ್ಲು ಕಾಣ್ತಾವ್ರಿ."

"ಹಾಯತೈತೇನು?"

"ಹಾಯೂದಿಲ್ರಿ, ಕಡೀತೈತಿ. ಮೊನ್ನಿ ಟಿವಿ ವೈರ್ ಕಡದು ಹಾಕೈತಿ."

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಹಂಗಾರ ಎರಡು ಗಟ್ಟಿ ಹಗ್ಗ ತರ್ರಿ. ಹಿಡ್ಯಾಕ ನಾಲ್ಕು ಮಂದಿ ಇರ್ಲಿ."

ಎರಡು ಕೇಜಿ ಪ್ರಾಣಿಗೆ ಇಷ್ಟು ಬಂದೋಬಸ್ತು ಯಾಕೆ ಎಂದು ಒಂದು ಕ್ಷಣ ಅನ್ನಿಸಿತು. ಆದರೂ ಡಾಕ್ಟರು ಹೇಳಿದ ಮೇಲೆ ಮುಗಿಯಿತು. ಓಣಿಯ ನಾಲ್ಕು ಗಟ್ಟಿ ಹುಡುಗರು, ಎರಡು ಹೊಸ ಹಗ್ಗ, ಮುಚ್ಚಳದ ಬುಟ್ಟಿ. ಆಸ್ಪತ್ರೆಯ ಅಂಗಳದಲ್ಲಿ ಡಾಕ್ಟರು ತೋಳುದ್ದದ ಬರ್ಡಿಜೊ ಇಕ್ಕಳ ಹಿಡಿದುಕೊಂಡು ನಮ್ಮ ಹಿಂದೆ ಟ್ರ್ಯಾಕ್ಟರು ಹುಡುಕುತ್ತಿದ್ದರು. "ಹೋರಿ ಎಲ್ಲೈತ್ರಿ?" ನಾನು ಬುಟ್ಟಿಯ ಮುಚ್ಚಳ ತೆಗೆದೆ. ಮೊದಲು ಎರಡು ಕಿವಿ ಎದ್ದವು, ಆಮೇಲೆ ಒಂದು ಮೂಗು. ಹೋರಿಯ ಬೀಜದ ನರ ಹೊರಗಿನಿಂದಲೇ ಹಿಸುಕುವ ಆ ಇಕ್ಕಳ ನನ್ನ ಮಲ್ಯಾನಿಗಿಂತ ಉದ್ದವಿತ್ತು. ಡಾಕ್ಟರು ನನ್ನ ಮಾನ ಕಾಯಲೆಂದು ಮುಖ ಆಚೆ ತಿರುಗಿಸಿ ನಕ್ಕರು. ತಿರುಗಿ ಬಂದವರು ಮಲ್ಯಾನ ಬಾಯಿ ತೆರೆದು, ಮೇಲಿನ ಎರಡು ಬಾಚಿಹಲ್ಲಿನ ಹಿಂದೆ ಸಣ್ಣವು ಮತ್ತೆರಡು ಅಡಗಿರುವುದನ್ನು ತೋರಿಸಿದರು. ಮೊಲಕ್ಕೆ ಒಟ್ಟು 28 ಹಲ್ಲಂತೆ, ಬದುಕಿರುವತನಕ ಬೆಳೆಯುತ್ತಲೇ ಇರುತ್ತವಂತೆ. ಅಲ್ಲಿಯೂ ನನ್ನ ಲೆಕ್ಕ ತಪ್ಪು. "ಇದಕ್ಕ ಸಣ್ಣ ಪ್ರಾಣಿ ನೋಡೋ ಡಾಕ್ಟರು ಬೇಕ್ರಿ, ಗಂಗಾವತಿಗೆ ಒಯ್ರಿ. ಬ್ಯಾಸಗಿ ಬರೂದ್ರೊಳಗ ಮಾಡಸ್ರಿ, ಮೊಲ ನಮ್ಮ ಬಿಸಿಲು ತಡಿಯೂದಿಲ್ಲ" ಎಂದು ಕಳಿಸಿಕೊಟ್ಟರು.

ಇಷ್ಟಾದ ಮೇಲೆ ರಜೆಯ ಅರ್ಜಿಯಲ್ಲಿ ಮೊಲ ಎಂಬ ಶಬ್ದ ಬರೆಯುವ ಧೈರ್ಯ ಯಾರಿಗಿರುತ್ತದೆ ಹೇಳಿ? "ಸಂತಾನಹರಣ ಶಸ್ತ್ರಚಿಕಿತ್ಸೆ ನಿಮಿತ್ತ ಗಂಗಾವತಿಗೆ ಹೋಗಬೇಕಾಗಿರುವುದರಿಂದ" ಎಂದು ಗಂಭೀರವಾಗಿ ಬರೆದು ಎರಡು ದಿನ ರಜೆ ಕೇಳಿದೆ. ಹೆಡ್‌ಮಾಸ್ತರು ಓದಿದರು, ಎದ್ದು ನಿಂತರು, ನನ್ನ ಕೈ ಹಿಡಿದುಕೊಂಡರು. "ಸಂಕೋಚ ಯಾಕ್ರಿ ಮಾಸ್ತರ? ಗಂಡಸರು ಹಿಂಗ ಮುಂದ ಬರಬೇಕ್ರಿ. ಇದಕ್ಕ ಸ್ಪೆಶಲ್ ಸಿ.ಎಲ್. ಐತಿ. ಬರೂವಾಗ ಸರ್ಟಿಫಿಕೇಟ್ ಒಂದು ತರ್ರಿ." ಮೊಲ ಸಾಕುವವರ ಬಗ್ಗೆ ಸರ್ಕಾರಕ್ಕೆ ಇಷ್ಟು ಕಾಳಜಿ ಇದೆಯೆಂದು ನನಗೆ ಅಂದೇ ಗೊತ್ತಾದದ್ದು. ಕಣ್ಣು ತುಂಬಿ ಬಂತು.

ಡಿಸೆಂಬರ್ ಕೊನೆಯ ವಾರ. ನನಗೆ ಹಿಂದೊಮ್ಮೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತಲ್ಲ, ಆ ಅನುಭವದ ಮೇಲೆ ರಾತ್ರಿಯಿಂದಲೇ ಮಲ್ಯಾನಿಗೆ ಹುಲ್ಲು, ನೀರು ಬಂದ್ ಮಾಡಿದ್ದೆ. ಬಸ್ಸು ಭತ್ತದ ಸೀಮೆಗೆ ಬಂದಾಗ ಬುಟ್ಟಿಯೊಳಗಿಂದ ಹಿಂಗಾಲು ನೆಲಕ್ಕೆ ಬಡಿಯುವ ದಬ್ ದಬ್ ಸದ್ದು. ಸಮಾಧಾನಕ್ಕೆಂದು ಅವನಿಗೆ ಕಥೆ ಹೇಳಿದೆ. ಈ ಆನೆಗೊಂದಿಯ ಕಡೆಯಿಂದ ಹೊಳೆ ದಾಟಿ ಬೇಟೆಗೆ ಹೋದ ಹಕ್ಕ ಬುಕ್ಕರ ನಾಯಿಗಳನ್ನು ಒಂದು ಮೊಲ ತಿರುಗಿ ಅಟ್ಟಿಸಿಕೊಂಡು ಬಂತಂತೆ. ಇದು ಗಂಡುಮೆಟ್ಟಿನ ನೆಲ ಎಂದು ಅಲ್ಲೇ ವಿಜಯನಗರ ಕಟ್ಟಿದರಂತೆ, 1336ರಲ್ಲಿ. ಅದು ನಮ್ಮ ಮರಡಿಯ ಕಾಡುಮೊಲ. ಅದನ್ನು ಹಿಡಿದು ಸಾಕಿದರೆ 1972ರ ವನ್ಯಜೀವಿ ಕಾಯ್ದೆ ನಮ್ಮನ್ನು ಹಿಡಿಯುತ್ತದೆ. ಮಲ್ಯಾನದು ಯುರೋಪಿನ ಮೂಲದ ಸಾಕುಜಾತಿ. ಕನ್ನಡದಲ್ಲಿ ಮಾತ್ರ ಇಬ್ಬರೂ ಮೊಲವೇ. "ಅದರಿಂದ ಒಂದು ಸಾಮ್ರಾಜ್ಯ ಹುಟ್ಟಿತು, ನಿನ್ನಿಂದ ಇನ್ನು ಏನೂ ಹುಟ್ಟುವುದಿಲ್ಲ" ಎಂದೆ. ಪಕ್ಕದ ಸೀಟಿನ ಅಜ್ಜ ಎದ್ದು ಹಿಂದಿನ ಸೀಟಿಗೆ ಹೋದ.

ಗಂಗಾವತಿಯ ಆಸ್ಪತ್ರೆಯಲ್ಲಿ, ರಾತ್ರಿಯಿಂದ ಖಾಲಿ ಹೊಟ್ಟೆ ಎಂದು ನಾನು ಹೆಮ್ಮೆಯಿಂದ ಹೇಳಿದ್ದೇ ತಡ, ಡಾಕ್ಟರಮ್ಮ ಹೌಹಾರಿದರು. "ಯಾರು ಹೇಳಿದ್ರು ನಿಮಗ? ಮೊಲಕ್ಕ ವಾಂತಿನೇ ಬರೂದಿಲ್ರಿ, ಉಪವಾಸ ಯಾಕ? ಅದರ ಕರುಳು ಗಡಿಯಾರ ಇದ್ಧಾಂಗ, ನಡೀತಾನ ಇರಬೇಕು. ನಿಂತ್ರ ಜೀವಕ್ಕ ಅಪಾಯ." ಮೆಂತ್ಯ, ಗರಿಕೆ ತರಿಸಿ ತಿನ್ನಿಸಿ, ಆಪರೇಷನ್ನು ಸಂಜೆಗೆ ಮುಂದೂಡಿದರು. ಸಂಜೆ ಮಲ್ಯಾನ ಹಿಂದಿನ ಕೂದಲು ಬೋಳಿಸಿದ್ದು ನೋಡಿದೆ, ಸಣ್ಣ ಬ್ಲೇಡಿನ ಹೊಳಪು ನೋಡಿದೆ. ಎರಡು ತೊಡೆಗಳನ್ನು ಒತ್ತಿಹಿಡಿದುಕೊಂಡದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಬೆಂಚಿನ ಮೇಲಿದ್ದೆ. ಆಚೆ ಯಾರೋ "ಪೇಶಂಟಿಗೆ ಎಚ್ಚರಾತೇನು?" ಎನ್ನುತ್ತಿದ್ದರು. ಸಹಾಯಕ ಕೇಳಿದ: "ಯಾವ ಪೇಶಂಟ್ ಕೇಳಾಕ್ಹತ್ತೀರಿ, ಮೇಡಂ?" ಮಲ್ಯಾ ಆಗಲೇ ಎದ್ದು ಕೊತ್ತಂಬರಿ ಅಗಿಯುತ್ತ ನನ್ನನ್ನು ಕನಿಕರದಿಂದ ನೋಡುತ್ತಿದ್ದ.

ಡಾಕ್ಟರಮ್ಮ ಪಟ್ಟಿ ಹೇಳಿದರು. ಬೆಚ್ಚಗಿಡಿ. ಗಾಯಕ್ಕೆ ಅಂಟುವ ಭತ್ತದ ಹೊಟ್ಟು ಹಾಸಬೇಡಿ, ಮೆತ್ತನೆಯ ಬಟ್ಟೆ ಸಾಕು. ತಿನ್ನುತ್ತಾನೋ ಇಲ್ಲವೋ ನೋಡಿ, ತಿನ್ನದಿದ್ದರೆ ತಕ್ಷಣ ಫೋನು ಮಾಡಿ. ಹಿಕ್ಕೆ ಬೀಳುತ್ತಿವೆಯೇ ಗಮನಿಸಿ. ಕಡೆಯದಾಗಿ, "ಆರು ವಾರ ಹೆಣ್ಣಿನ ಹತ್ತರ ಬಿಡಬ್ಯಾಡ್ರಿ. ಮುನಿರಾಬಾದಿನ್ಯಾಗ ಗೇಟ್ ಹಾಕಿದ್ರ ಇಲ್ಲಿ ಎಡದಂಡೆ ಕಾಲುವಿ ಅವತ್ತ ಒಣಗತೈತೇನು? ಒಳಗಿದ್ದ ನೀರು..." ಕಾಲುವೆಯ ಮಾತು ಬಂದಾಗ ನಾನು ಕಡೆಯ ಬಸ್ಸಿನ ಚಿಂತೆಯಲ್ಲಿದ್ದೆ. ಗಂಗಾವತಿಯವರು ನೀರಾವರಿ ವಿಷಯ ತೆಗೆದರೆ ಬೇಗ ಮುಗಿಸುವುದಿಲ್ಲ ಎಂದುಕೊಂಡು ಹೂಂ ಹೂಂ ಎಂದೆ.

ಅಂದು ರಾತ್ರಿ ಕೌದಿ ಹೊದ್ದು ಬುಟ್ಟಿಯ ಪಕ್ಕದಲ್ಲೇ ಕೂತು ಡೈರಿಯಲ್ಲಿ ಬರೆದಿಟ್ಟೆ: "10.40: ಹಿಕ್ಕೆ 3. ಸಣ್ಣವು. 12.15: ಹಿಕ್ಕೆ 9. ಗುಂಡಗೆ, ಗಟ್ಟಿ. ದೇವರು ದೊಡ್ಡವನು." ನಡುರಾತ್ರಿ ಅವನು ಹಲ್ಲು ಕಟಕಟ ಅನ್ನಿಸಿದಾಗ ನೋವೆಂದು ಗಾಬರಿಯಾಗಿ, ನನ್ನ ಹಲ್ಲುನೋವಿಗೆ ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಅರೆಯಲು ಕೂತೆ. ಯಾವುದಕ್ಕೂ ಇರಲಿ ಎಂದು ಡಾಕ್ಟರಮ್ಮನಿಗೆ ಫೋನು ಮಾಡಿದೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು. ಆ ಔಷಧ ಬಾಯಿಯಿಂದ ಹೋದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೂ ಸಾಯುತ್ತದಂತೆ. ಅವರು ಕೊಟ್ಟ ನೋವಿನ ಔಷಧದ ಬಾಟಲಿ ನನ್ನ ಕಿಸೆಯಲ್ಲೇ ಇತ್ತು.

ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿಯಿತು. ಸ್ಟಾಫ್ ರೂಮಿಗೆ ಸ್ಟಾಫ್ ರೂಮೇ ಎಳನೀರು, ಬ್ರೆಡ್ಡು ಹಿಡಿದುಕೊಂಡು ನಿಂತಿದೆ. ಹಿಂದೆಯೇ ಯಲಬುರ್ಗಾದ ಮೊದಲ ಬಸ್ಸಿಗೆ ಬಂದ ಅತ್ತೆ, ಕೈಯಲ್ಲಿ ತುಪ್ಪದ ಡಬ್ಬಿ. ಸುದ್ದಿ ಯಾರು ಮುಟ್ಟಿಸಿದರೋ ಇಂದಿಗೂ ತಿಳಿದಿಲ್ಲ. "ಮನಿ ಹಿರೇರಿಗೆ ಒಂದ್ ಮಾತು ಕೇಳಬಾರದಿತ್ತೇನ್ರಿ ಅಳಿಯಂದ್ರ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಮೊಲದ ಬಗ್ಗೆಯೇ ಕೇಳುತ್ತಿದ್ದಾರೆಂದು ತಿಳಿದು, "ಇಲ್ರಿ ಅತ್ತಿ, ಭಾಳ ಉಪದ್ರ ಆಗಿತ್ತು. ಚಪ್ಪಲಿ ಸೈತ ಬಿಡ್ತಿರಲಿಲ್ಲ" ಎಂದೆ. ಅತ್ತೆ ಗೋಡೆ ಹಿಡಿದು ಕೂತರು. ಅಷ್ಟರಲ್ಲಿ ಗಣಿತದ ಮಾಸ್ತರು ತೆರೆದಿಟ್ಟ ಡೈರಿಯನ್ನು ಕೈಗೆತ್ತಿಕೊಂಡಿದ್ದರು. ಅವರು ಓದಿದ್ದು ಮೌನವಾಗಿಯೇ. ಆದರೆ ಓದಿದ ಮೇಲೆ ನನ್ನನ್ನು ನೋಡಿದ ಆ ನೋಟವಿದೆಯಲ್ಲ, ಅದು ಈಗಲೂ ಸ್ಟಾಫ್ ರೂಮಿನಲ್ಲಿ ನಾನು ಊಟದ ಡಬ್ಬಿ ತೆರೆದಾಗಲೆಲ್ಲ ಒಮ್ಮೆ ಬಂದು ಹೋಗುತ್ತದೆ.

ಹೆಂಡತಿ ಮಲ್ಯಾನನ್ನು ಎತ್ತಿ ತಂದು ತೋರಿಸಿದ ಮೇಲೆ ನಿಜ ಬಯಲಾಯಿತು. ಅತ್ತೆ ತುಪ್ಪದ ಡಬ್ಬಿ ವಾಪಸ್ ಒಯ್ಯಲಿಲ್ಲ, ಅದು ಅವರ ದೊಡ್ಡತನ. ನಾನು ಮಾತ್ರ ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯನ್ನೇ ಸರ್ಟಿಫಿಕೇಟು ಎಂದು ಆಗಲೇ ಹೆಡ್‌ಮಾಸ್ತರಿಗೆ ಕಳಿಸಿಬಿಟ್ಟಿದ್ದೆ. ಅವರು ಅದನ್ನು ಎಲ್ಲರ ಮುಂದೆ ಅಭಿಮಾನದಿಂದ ಓದಿದರಂತೆ: "ಹೆಸರು: ಮಲ್ಯಾ. ತಳಿ: ನ್ಯೂಜಿಲೆಂಡ್ ವೈಟ್. ತೂಕ: 2.1 ಕೇಜಿ."

ಜನವರಿಯಲ್ಲಿ ಗವಿಮಠದ ಜಾತ್ರೆ. ಲಕ್ಷಾಂತರ ಜನ ಸೇರುವ ತೇರಿಗೆ ಕುಷ್ಟಗಿಯಿಂದ ತಂಗಿಯ ಸಂಸಾರ ಬಂತು, ಜೊತೆಗೆ ಮನೆಯಲ್ಲಿ ನೋಡುವವರಿಲ್ಲವೆಂದು ಸೊಸೆಯ ಮೊಲವೂ ಬಂತು. ಹೆಣ್ಣು. (ನಾನು ಹೇಳಿದ್ದಲ್ಲ, ಡಾಕ್ಟರು ಹೇಳಿದ್ದು.) ಕುಷ್ಟಗಿಯ ದಾಳಿಂಬೆ ತೋಟದವರ ಮನೆಯ ಮೊಲ, ಹೆಸರು ದಾಳಿಂಬ್ರಿ. ಆಪರೇಷನ್ ಆಗಿ ಹದಿನೆಂಟನೇ ದಿನ. "ಒಂದ ಪಂಜರದಾಗ ಬಿಟ್ರ ಏನೂ ಆಗೂದಿಲ್ಲಲ್ಲ ಅಣ್ಣಾ?" ಎಂದು ತಂಗಿ ಕೇಳಿದಳು. "ಹುಚ್ಚಿ, ಕಾರ್ಖಾನಿನ ಬಂದ್ ಆಗೈತಿ" ಎಂದು ನಕ್ಕೆ. ತೇರು ನೋಡಿ, ದಾಸೋಹದಲ್ಲಿ ರೊಟ್ಟಿ ಮಾದಲಿ ಉಂಡು ಬರುವಷ್ಟರಲ್ಲಿ ಮೂರು ತಾಸು. ಬಂದು ನೋಡಿದರೆ ಇಬ್ಬರೂ ಪಂಜರದ ಎರಡು ಮೂಲೆಯಲ್ಲಿ ಋಷಿಗಳಂತೆ ಕೂತಿದ್ದರು.

ಮೂವತ್ತೊಂದನೇ ದಿನ ಬೆಳಿಗ್ಗೆ ಕುಷ್ಟಗಿಯಿಂದ ಫೋನು ಬಂತು. "ಅಣ್ಣಾ, ಆರು!" ಆಗ ನೆನಪಾಯಿತು, ಮುನಿರಾಬಾದಿನ ಗೇಟು, ಎಡದಂಡೆ ಕಾಲುವೆ, ಒಳಗಿದ್ದ ನೀರು.

ಮರಿಗಳು ಈಗ ಕಣ್ಣು ಬಿಟ್ಟು, ಹುಲ್ಲು ಕಚ್ಚುತ್ತ ತಂಗಿಯ ಮನೆಯಲ್ಲಿ ಓಡಾಡಿಕೊಂಡಿವೆ. ಅರ್ಧ ನನ್ನ ಜವಾಬ್ದಾರಿ ಎಂದು ಅವಳು ಖಡಾಖಂಡಿತವಾಗಿ ಹೇಳಿದ್ದಾಳೆ. ಹೀಗಾಗಿ ಕೊಪ್ಪಳ, ಗಂಗಾವತಿ, ಯಲಬುರ್ಗಾ ಕಡೆ ಯಾರಿಗಾದರೂ ಬೇಕಿದ್ದರೆ ಬನ್ನಿ, ಪುಕ್ಕಟೆ ಕೊಡುತ್ತೇನೆ, ಬುಟ್ಟಿಯೂ ನನ್ನದೇ, ಎರಡು ಹೊಸ ಹಗ್ಗವೂ ಇವೆ. ಗಂಡು ಯಾವುದು, ಹೆಣ್ಣು ಯಾವುದು ಎಂದು ಮಾತ್ರ ದಯವಿಟ್ಟು ನನ್ನನ್ನು ಕೇಳಬೇಡಿ.