ನಿಧಾನ ವೈಫೈಯ ನಿದಾನಶಾಸ್ತ್ರ

ಲ್ಯಾಪ್‌ಟಾಪಿನ ಪರದೆಯ ಮೇಲೆ ಸಣ್ಣದೊಂದು ಚಕ್ರ ಉದ್ಭವಿಸಿ, ತಿರುಗುತ್ತ, ತಿರುಗುತ್ತಲೇ ಉಳಿದು, ಕಡೆಗೂ ಏನನ್ನೂ ತೋರಿಸದಿರುವ ಸ್ಥಿತಿಗೆ ವೈಫೈಮಾಂದ್ಯವೆಂದು ಹೆಸರು. ಆಫೀಸಿನ ವಿಡಿಯೊ ಮೀಟಿಂಗ್ ಹೊತ್ತಿಗೆ ಉಲ್ಬಣಿಸುವುದು, ರಿಪೇರಿಯವನು ಮನೆಗೆ ಬಂದೊಡನೆ ಮಾಯವಾಗುವುದು ಇದರ ಮುಖ್ಯ ಲಕ್ಷಣಗಳು. ಎರಡನೆಯ ಲಕ್ಷಣಕ್ಕೆ ಶಾಸ್ತ್ರದಲ್ಲಿ ಸಮಾಧಾನವಿಲ್ಲ.

ಈ ವ್ಯಾಧಿಯ ಕುರಿತು ಮೂರು ಮತಗಳು ಬಳಕೆಯಲ್ಲಿವೆ. ಮರುಚಾಲನಾವಾದಿಗಳಿಗೆ ರೌಟರನ್ನು ಆಫ್ ಮಾಡಿ ಆನ್ ಮಾಡುವುದೇ ಸರ್ವರೋಗಕ್ಕೂ ಮದ್ದು. ದೂಷಣವಾದಿಗಳು ಇಂಟರ್‌ನೆಟ್ ಕಂಪನಿಯನ್ನು ಬೈಯುವುದರಲ್ಲೇ ಮೋಕ್ಷ ಕಾಣುತ್ತಾರೆ. ಭ್ರಮಣವಾದಿಗಳು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಹಾಲ್‌ನಿಂದ ಬಾಲ್ಕನಿಗೆ, ಅಲ್ಲಿಂದ ಅಡುಗೆಮನೆಗೆ ಸಂಚರಿಸುತ್ತಾರೆ. ಮೊದಲನೆಯ ಮತವನ್ನು ತೀರಾ ತಳ್ಳಿಹಾಕುವಂತಿಲ್ಲ; ಎಷ್ಟೋ ರೌಟರ್‌ಗಳು ಮತ್ತೆ ಆನ್ ಆದಾಗ ದಟ್ಟಣೆ ಕಡಿಮೆಯಿರುವ ಚಾನೆಲ್ಲನ್ನು ಹೊಸದಾಗಿ ಹುಡುಕಿಕೊಳ್ಳುತ್ತವೆ. ಮೂರನೆಯದರಲ್ಲಂತೂ ಭೌತಶಾಸ್ತ್ರವೇ ಅಡಗಿದೆ, ಅನುಯಾಯಿಗಳಿಗೆ ಅದು ತಿಳಿಯದಿದ್ದರೂ.

ದೋಷ ರೌಟರಿನ ಈಚೆಗಿದೆಯೋ ಆಚೆಗಿದೆಯೋ ಎಂಬುದೇ ಮೂಲಪ್ರಶ್ನೆ. ನ್ಯಾಯದರ್ಶನ ಒಪ್ಪುವ ನಾಲ್ಕು ಪ್ರಮಾಣಗಳಲ್ಲಿ ಇಲ್ಲಿಗೆ ಮೂರು ಸಾಕು. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ರೌಟರಿಗೆ ಜೋಡಿಸಿ ವೇಗ ಅಳೆಯುವುದು ಪ್ರತ್ಯಕ್ಷ. ಕೇಬಲಿನಲ್ಲಿ ವೇಗ ಬಂದು ವೈಫೈಯಲ್ಲಿ ಬರದಿದ್ದರೆ ದೋಷ ಮನೆಯೊಳಗಿನದು. ಕೇಬಲಿನಲ್ಲೂ ಬರದಿದ್ದರೆ ಬಹುಮಟ್ಟಿಗೆ ದೂಷಣವಾದಿಗಳದೇ ಗೆಲುವು. ಅದೇ ಜಾಗದಲ್ಲಿ ಮೊಬೈಲ್ ಚುರುಕಾಗಿದ್ದು ಲ್ಯಾಪ್‌ಟಾಪ್ ಮಾತ್ರ ತೆವಳುತ್ತಿದ್ದರೆ ಲ್ಯಾಪ್‌ಟಾಪೇ ರೋಗಿ ಎಂದು ತಿಳಿಯುವುದು ಅನುಮಾನ. ಕಸ್ಟಮರ್ ಕೇರ್ ಶಬ್ದಪ್ರಮಾಣ. "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ ಸರ್" ಎಂಬಲ್ಲಿಗೆ ಅದು ಮುಗಿಯುವುದರಿಂದ ಮೊದಲ ಮತದಲ್ಲೇ ಲೀನವಾಗುತ್ತದೆ.

ಅಳೆಯುವಾಗ ಮೆಗಾಬಿಟ್ಟನ್ನು ಮೆಗಾಬೈಟೆಂದು ತಿಳಿಯುವುದು ಶುದ್ಧ ರಜ್ಜುಸರ್ಪಭ್ರಾಂತಿ. ಎಂಟು ಬಿಟ್‌ಗೆ ಒಂದು ಬೈಟ್. 100 ಎಂಬಿಪಿಎಸ್ ಪ್ಲಾನಿನಲ್ಲಿ ಡೌನ್‌ಲೋಡ್ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. ಈ ಭಾಗಾಕಾರವನ್ನು ಜಾಹೀರಾತುಗಳು ಗ್ರಾಹಕರ ಪಾಲಿಗೆ ಬಿಟ್ಟಿವೆ.

ಕಾರಣಗಳಲ್ಲಿ ಪ್ರಬಲವಾದದ್ದು ಸ್ಥಾನದೋಷ. ಕೇಬಲ್ ಎಳೆಯಲು ಬಂದವನ ಡ್ರಿಲ್ ಗೋಡೆಯನ್ನು ಎಲ್ಲಿ ಕೊರೆಯಿತೋ ಅಲ್ಲೇ ರೌಟರಿನ ಶಾಶ್ವತ ಪ್ರತಿಷ್ಠಾಪನೆ: ಚಪ್ಪಲಿ ಸ್ಟ್ಯಾಂಡಿನ ಮೇಲೆ, ಟಿವಿಯ ಬೆನ್ನಿಗೆ, ಇಲ್ಲವೇ ಅಟ್ಟದ ಕತ್ತಲಲ್ಲಿ. ಅಲ್ಲಿಂದ ಹೊರಟ ಅಲೆಯನ್ನು ಕಬ್ಬಿಣದ ಬೀರು ಹಿಂದಕ್ಕೆ ಅಟ್ಟುತ್ತದೆ, ಮೀನಿನ ತೊಟ್ಟಿಯ ನೀರು ಹೀರುತ್ತದೆ, ಆರ್‌ಸಿಸಿ ಗೋಡೆ ಎರಡನ್ನೂ ಮಾಡುತ್ತದೆ. ರೌಟರ್ ಮನೆಯ ನಡುಮಧ್ಯೆ, ಎತ್ತರದಲ್ಲಿ, ಮರೆಯಿಲ್ಲದೆ ಇರಬೇಕೆಂಬುದು ಸಿದ್ಧಾಂತ. ಬ್ರಹ್ಮಸ್ಥಾನವನ್ನು ಖಾಲಿ ಬಿಡಬೇಕೆನ್ನುವ ವಾಸ್ತುಶಾಸ್ತ್ರಕ್ಕೂ ಇದಕ್ಕೂ ಇಲ್ಲಿ ನೇರ ವಿರೋಧ. ಅನೇಕ ಮನೆಗಳಲ್ಲಿ ಗೆದ್ದಿರುವುದು ವಾಸ್ತು. ಆಯುಧಪೂಜೆಯಂದು ಆಂಟೆನಾಕ್ಕೆ ಕುಂಕುಮ ಹಚ್ಚಿದರೆ ವೇಗ ಹೆಚ್ಚದು, ಕುಗ್ಗುವುದೂ ಇಲ್ಲ.

ಎರಡನೆಯದು ನೆರೆದೋಷ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಹಂಚಿಕೊಳ್ಳಬಹುದಾದ ಚಾನೆಲ್‌ಗಳು 1, 6, 11 ಮಾತ್ರ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟಿಗೊಂದು ರೌಟರ್. ಒಂದು ಚಾನೆಲ್ಲಿನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಬಾಯಿಮುಚ್ಚಿ ಕಾಯಬೇಕು. ಟಿವಿ ಚರ್ಚೆಗಳಲ್ಲಿ ಕಾಣದ ಈ ಶಿಸ್ತು ವೈಫೈಗೆ ಕಡ್ಡಾಯ. ಮೈಕ್ರೊವೇವ್ ಒಲೆ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್‌ನಲ್ಲಿ. ಹಾಗಾಗಿ ಸಾರು ಬಿಸಿಯಾಗುವಷ್ಟು ಹೊತ್ತು ಮ್ಯಾನೇಜರರ ಮಾತು ತುಂಡುತುಂಡಾಗಬಹುದು; ಇದನ್ನು ದೋಷವೆನ್ನಬೇಕೇ ಎಂಬಲ್ಲಿ ಒಮ್ಮತವಿಲ್ಲ. 5 ಗಿಗಾಹರ್ಟ್ಸ್‌ಗೆ ಬದಲಾದರೆ ಚಾನೆಲ್ ಹೆಚ್ಚು, ಗದ್ದಲ ಕಡಿಮೆ. ಆದರೆ ಗೋಡೆ ದಾಟುವ ಕಸುವೂ ಕಡಿಮೆ. ರೌಟರಿನ ಹೆಸರಿನ ತುದಿಯ '5ಜಿ' ಈ ಪಟ್ಟಿಯನ್ನು ಸೂಚಿಸುತ್ತದೆ; ಮೊಬೈಲಿನ 5ಜಿಗೂ ಅದಕ್ಕೂ ನೆಂಟಸ್ತಿಕೆಯಿಲ್ಲ.

ಉಳಿದದ್ದು ಲ್ಯಾಪ್‌ಟಾಪಿನ ಸ್ವದೋಷ: ಹೇಳದೆ ಕೇಳದೆ ಇಳಿಯುವ ಅಪ್‌ಡೇಟ್, ಮದುವೆಯ ಫೋಟೊಗಳನ್ನೆಲ್ಲ ಕ್ಲೌಡಿಗೆ ಏರಿಸುತ್ತಿರುವ ಆ್ಯಪ್, ಮರೆತುಹೋದ ವಿಪಿಎನ್, ಹಳೆಯ ಡ್ರೈವರ್, ಬ್ಯಾಟರಿ ಉಳಿಸಲು ವೈಫೈ ಕಾರ್ಡನ್ನು ಉಪವಾಸ ಕೆಡಹುವ ಸೆಟ್ಟಿಂಗ್.

ಚಿಕಿತ್ಸೆಯನ್ನು ಖರ್ಚಿಲ್ಲದ್ದರಿಂದ ಆರಂಭಿಸಬೇಕು. ಮೊದಲು ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸುವುದು, ಬಳಿಕ 5 ಗಿಗಾಹರ್ಟ್ಸ್‌ಗೆ ಸೇರುವುದು, ರೌಟರನ್ನು ಅಟ್ಟದಿಂದ ಇಳಿಸುವುದು, ಚಾನೆಲ್ ಬದಲಿಸುವುದು, ಡ್ರೈವರ್ ಹೊಸತು ಮಾಡುವುದು. ದೊಡ್ಡ ಪ್ಲಾನ್ ಕೊಳ್ಳುವುದು ಕೊನೆಗೆ. ಗೋಡೆ ತಡೆದದ್ದನ್ನು ದುಡ್ಡು ದಾಟಿಸದು. ಇಷ್ಟಕ್ಕೂ ಜಗ್ಗದ ಮಾಂದ್ಯಕ್ಕೆ ಲ್ಯಾನ್ ಕೇಬಲೇ ಶಾಶ್ವತ ಪರಿಹಾರ. ಆದರೆ ತೆಳ್ಳಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಲವಕ್ಕೆ ಅದನ್ನು ಸಿಕ್ಕಿಸುವ ಪೋರ್ಟೇ ಇರುವುದಿಲ್ಲ. ಅಡಾಪ್ಟರನ್ನು ಬೇರೆಯಾಗಿ ಕೊಳ್ಳಬೇಕು.