ಎಂ.ಎ. ಮಾಡುತ್ತಿರುವ ವಿದುಷಿ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಈಕೆ ಸಿಗುತ್ತಾಳೆ. ಜೂನಿಯರ್, ಸೀನಿಯರ್, ವಿದ್ವತ್ ಮೂರೂ ಮುಗಿದಿವೆ. ರಂಗಪ್ರವೇಶವೂ ಆಗಿದೆ; ಅದರ ಸಾಲದ ಕಂತನ್ನು ಅಪ್ಪ ಇನ್ನೂ ಕಟ್ಟುತ್ತಿದ್ದಾರೆ. ಆಹ್ವಾನಪತ್ರಿಕೆಗಳಲ್ಲಿ ಹೆಸರಿನ ಮುಂದೆ ‘ವಿದುಷಿ’ ಬಂದು ಕೂತಿದೆ, ಹೆಸರಿನ ಹಿಂದೆ ಮಾತ್ರ ಜಾಗ ಖಾಲಿ. ಅದನ್ನು ತುಂಬಲೆಂದು ಭರತನಾಟ್ಯದಲ್ಲಿ ಎಂ.ಎ.ಗೆ ಸೇರಿದ್ದಾಳೆ.

“ಕುಣಿಯೋದಕ್ಕೂ ಎಂ.ಎ. ಇದೆಯೇನೇ?” ಇದು ಸೋದರಮಾವನ ಪ್ರಶ್ನೆ.

ಉತ್ತರ ಅವಳ ನಾಲಗೆಯ ತುದಿಯಲ್ಲೇ ಇದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ನೃತ್ಯಕ್ಕೆ ಪದವಿ ಶುರುವಾಗಿದ್ದೇ 1926ರಲ್ಲಿ! ಅದನ್ನು ಕಟ್ಟಿದ ಮಾರ್ಗರೆಟ್ ಡಬ್ಲರ್ ಅದಕ್ಕೂ ಮೊದಲು ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದರು ಎಂಬುದನ್ನು ಮಾತ್ರ ಅವಳು ಮಾವನಿಗೆ ಹೇಳುವುದಿಲ್ಲ.

ಮಾವನೂ ಬಿಡುವ ಆಸಾಮಿಯಲ್ಲ. “ಮೈಸೂರಿನ ವೆಂಕಟಲಕ್ಷಮ್ಮನವರು ಎಲ್ಲಿ ಎಂ.ಎ. ಮಾಡಿದ್ದರು?” ಏಟು ಸರಿಯಾಗಿಯೇ ಬೀಳುತ್ತದೆ. ಎಂಟನೆಯ ವಯಸ್ಸಿಗೇ ಜಟ್ಟಿ ತಾಯಮ್ಮನವರ ಬಳಿ ಕಲಿಯಲು ಸೇರಿ, ಅರಮನೆಯಲ್ಲಿ ದಶಕಗಳ ಕಾಲ ನರ್ತಿಸಿದ ಕೆ. ವೆಂಕಟಲಕ್ಷಮ್ಮನವರನ್ನು ಮೈಸೂರು ವಿಶ್ವವಿದ್ಯಾಲಯ 1965ರಲ್ಲಿ ನೃತ್ಯ ವಿಭಾಗಕ್ಕೆ ರೀಡರ್ ಆಗಿ ಕರೆದುಕೊಂಡಿತು. ನಮ್ಮ ವಿದುಷಿ ಅಂಥ ವಿಭಾಗದಲ್ಲಿ ಮೊದಲ ಮೆಟ್ಟಿಲಿನ ಹುದ್ದೆಗೆ ಅರ್ಜಿ ಹಾಕಬೇಕೆಂದರೂ ಎಂ.ಎ. ಬೇಕು, ಅದರ ಮೇಲೆ ನೆಟ್ ಪರೀಕ್ಷೆ ಪಾಸಾಗಬೇಕು. ನೆಟ್‌ನವರಿಗೋ ನೃತ್ಯ, ನಾಟಕ ಎರಡೂ ಒಂದೇ ಪತ್ರಿಕೆ. ಹೀಗಾಗಿ ವರ್ಣದಲ್ಲಿ ವಿರಹಿಣಿಯಾಗುವ ಹುಡುಗಿ ಮೆಟ್ರೋದಲ್ಲಿ ನಿಂತು ಬ್ರೆಕ್ಟ್‌ನನ್ನು ಉರುಹೊಡೆಯುತ್ತಾಳೆ.

ನಿಜವಾದ ಪಾಡು ಇರುವುದು ಎಂ.ಎ. ಪರೀಕ್ಷೆಯ ಕೋಣೆಯಲ್ಲಿ. ಇಷ್ಟು ವರ್ಷ ಕಾಲು, ಕೈ, ಕಣ್ಣು ಕಲಿತದ್ದನ್ನೆಲ್ಲ ಮೂರು ಗಂಟೆ ಅಲುಗಾಡದೆ ಕೂತು ಬರೆಯಬೇಕು. ನಂದಿಕೇಶ್ವರನ ‘ಅಭಿನಯ ದರ್ಪಣ’ದಲ್ಲಿ ಅಸಂಯುತ ಹಸ್ತಗಳೇ 28. ಒಂದೊಂದಕ್ಕೂ ವಿನಿಯೋಗಗಳ ಉದ್ದ ಪಟ್ಟಿ. ಪತಾಕ ಒಂದೇ ಮೋಡವಾಗುತ್ತದೆ, ಕಾಡಾಗುತ್ತದೆ, ರಾತ್ರಿಯಾಗುತ್ತದೆ, ನದಿಯಾಗಿ ಹರಿದೂ ಬಿಡುತ್ತದೆ. ನಾಲ್ಕಾರು ಬರೆಯುವಷ್ಟರಲ್ಲಿ ನೆನಪು ಕೈಕೊಡುತ್ತದೆ. ಆಗ ಡೆಸ್ಕಿನ ಕೆಳಗೆ ಎಡಗೈ ತನ್ನ ಪಾಡಿಗೆ ಕರ್ತರೀಮುಖ, ಮಯೂರ, ಅರ್ಧಚಂದ್ರ ಎಂದು ಬೆರಳು ಮಡಚುತ್ತ ಹೋಗುತ್ತದೆ, ಬಲಗೈ ಅದನ್ನು ನೋಡಿಕೊಂಡು ಬರೆಯುತ್ತದೆ. ಕಟ್ಟುನಿಟ್ಟಾಗಿ ಹೇಳಬೇಕೆಂದರೆ ಇದು ಕಾಪಿಯೇ.

ಕೆಮಿಸ್ಟ್ರಿ ವಿಭಾಗದಿಂದ ಬಂದ ಮೇಲ್ವಿಚಾರಕರು ಬಳಿ ನಿಲ್ಲುತ್ತಾರೆ.

“ಕೈಯಲ್ಲೇನಮ್ಮಾ ಅದು?”

“ಅರಾಳ, ಸರ್.”

ಖಾಲಿ ಅಂಗೈ ನೋಡಿ ಅವರ ಅನುಮಾನ ಹೆಚ್ಚುತ್ತದೆ. ಇನ್ನೊಂದು ಕೈಯನ್ನೂ ತೋರಿಸು ಎನ್ನುತ್ತಾರೆ. ಎರಡೂ ಕೈ ಸೇರಿದರೆ ಸಂಯುತ ಹಸ್ತ. ಅದು ಮುಂದಿನ ಪ್ರಶ್ನೆ.

ಓದಿನ ರುಚಿ ಹತ್ತಿದ ಮೇಲೆ ಇವಳ ಜೊತೆ ಪ್ರವಾಸ ಹೋಗುವುದು ಕಷ್ಟ. ಬಾದಾಮಿಯ ಮೊದಲ ಗುಹೆಯಲ್ಲಿರುವ ನಟರಾಜನಿಗೆ 18 ಕೈ. ಮನೆಯವರು ಸೆಲ್ಫಿ ತೆಗೆದುಕೊಂಡು, ಮಂಗಗಳಿಗೆ ಚಿಪ್ಸ್ ಕಳೆದುಕೊಂಡು, ಗಾಡಿ ಹತ್ತಿ ಕೂತಾಗಲೂ ಇವಳು ಏಳನೆಯ ಕೈಯಲ್ಲೇ ಇರುತ್ತಾಳೆ. ಡ್ರೈವರ್ ಹಾರ್ನ್ ಹೊಡೆಯುವುದು ಆದಿತಾಳವೇ ಎಂದು ಒಂದು ಕ್ಷಣ ಲೆಕ್ಕವನ್ನೂ ಹಾಕುತ್ತಾಳೆ.

ಕಿರುಪ್ರಬಂಧಕ್ಕೆ ಶಾಂತಲೆಯೇ ಬೇಕೆಂದಿದ್ದಳು. ತರಗತಿಯ ಅರ್ಧ ಮಂದಿಗೂ ಶಾಂತಲೆಯೇ ಬೇಕಿತ್ತು. ಗೈಡ್ ಬೇಸತ್ತು, ಕರ್ನಾಟಕದಿಂದ ಉತ್ತರಕ್ಕೆ ಹೋಗಿ ಅಕ್ಬರನ ಕಾಲದಲ್ಲಿ ‘ನರ್ತನ ನಿರ್ಣಯ’ ಬರೆದ ಪುಂಡರೀಕ ವಿಠಲನನ್ನು ಇವಳ ತಲೆಗೆ ಕಟ್ಟಿದರು. ಮೈಸೂರಿನ ರಾ. ಸತ್ಯನಾರಾಯಣ ಅದನ್ನು ಮೂರು ಸಂಪುಟಗಳಲ್ಲಿ ಸಂಪಾದಿಸಿದ್ದಾರೆ. ಸಂಪುಟಗಳ ತೂಕ ನೋಡಿದ ದಿನ ಅವಳಿಗೆ ಅರೆಮಂಡಿಯೇ ಸುಲಭ ಅನ್ನಿಸಿದ್ದು ಸುಳ್ಳಲ್ಲ. ಆದರೆ ವಿಠಲ ಬರಬರುತ್ತ ಅವಳನ್ನು ಹಿಡಿದುಕೊಂಡ. ಈಗ ಊಟದ ಹೊತ್ತಿನಲ್ಲೂ ಅವನದೇ ಮಾತು.

ಮೊನ್ನೆ ಮಾವನ ಮಗನ ಮದುವೆ ನಿಶ್ಚಯವಾಯಿತು. ನೃತ್ತ, ನೃತ್ಯ, ನಾಟ್ಯಗಳ ವ್ಯತ್ಯಾಸವನ್ನು ಅವಳು ಅರ್ಧ ಗಂಟೆ ಬಿಡಿಸಿ ಹೇಳಿದಳು. ಮಾವ ತಾಳ್ಮೆಯಿಂದ ಕೇಳಿ, “ಅದೆಲ್ಲ ಸರಿ, ಸಂಗೀತ್‌ಗೆ ನಮಗೆಲ್ಲ ಎರಡು ಸ್ಟೆಪ್ ಹೇಳಿಕೊಡು” ಎಂದ. ಅವಳು ಒಪ್ಪಿದಳು. ಹಾಜರಿ ಪುಸ್ತಕ ಇಟ್ಟಳು. ಎರಡು ದಿನ ಅಭ್ಯಾಸ ತಪ್ಪಿಸಿದ ಮದುಮಗನನ್ನು, ಶೇ. 75 ಹಾಜರಾತಿ ಇಲ್ಲವೆಂದು, ಹಿಂದಿನ ಸಾಲಿಗೆ ನಿಲ್ಲಿಸಿದಳು.